ಪತ್ತನಾಜೆಗೆ ಮುಂಚೆ ಕೋಳಿಗೂಡು: ಹಿತ್ತಿಲ ಕೋಳಿಗಳನ್ನು ಮಳೆಗಾಲ ದಾಟಿಸುವ ಕ್ರಮ

ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಮುಳ್ಳೇರಿಯಾದವರೆಗೆ ಯಾವ ಹಿತ್ತಿಲಲ್ಲಿ ನೋಡಿದರೂ ಕೋಳಿಗಳಿಗೆ ಕಷ್ಟಕಾಲ ಒಂದೇ, ಜೂನ್‌ನಿಂದ ಆಗಸ್ಟ್. ತಿನ್ನಲು ಹುಳಹುಪ್ಪಟೆ ಧಾರಾಳ ಸಿಗುತ್ತದೆ, ಕಾಲಿಡಲು ಒಣಜಾಗ ಮಾತ್ರ ಇರುವುದಿಲ್ಲ. ಬೇಸಗೆಯಲ್ಲಿ ಹೇಗಿಟ್ಟರೂ ನಡೆದುಹೋಗುವ ಗೂಡು ಮಳೆ ಹಿಡಿದ ಎರಡೇ ವಾರದಲ್ಲಿ ತನ್ನ ಹುಳುಕು ತೋರಿಸುತ್ತದೆ. ಆದ್ದರಿಂದ ಗೂಡಿನ ಕೆಲಸ, ಮದ್ದು, ಲಸಿಕೆ ಎಲ್ಲವೂ ಪತ್ತನಾಜೆಯೊಳಗೆ, ಅಂದರೆ ಮೇ 24–25ಕ್ಕೆ ಮುಂಚೆ ಮುಗಿದಿರಲಿ. ಇಲ್ಲಿನ ಲೆಕ್ಕ ಹತ್ತು ಹೇಂಟೆ, ಒಂದು ಹುಂಜಕ್ಕೆ.

ಗೂಡು

ನೆಲದಿಂದ ಎರಡು ಅಡಿ ಎತ್ತರದಲ್ಲಿ, ಕಂಬದ ಮೇಲೆ, 4 × 6 ಅಡಿಯ ಗೂಡು ಸಾಕು. ಜಡಿಮಳೆಗೆ ಇಡೀ ದಿನ ಒಳಗೇ ಕೂರಬೇಕಾಗಿ ಬಂದರೂ ಒಂದೊಂದಕ್ಕೆ ಎರಡು ಚದರಡಿ ಸಿಗುತ್ತದೆ. ನೆಲಕ್ಕೆ ಅಡಿಕೆ ಮರದ ದಬ್ಬೆ, ನಡುವೆ ಒಂದು ಇಂಚು ಸಂದು. ಹಿಕ್ಕೆ ಕೆಳಗೆ ಬೀಳುತ್ತದೆ, ಕಾಲು ಒಣಗಿರುತ್ತದೆ. ದಬ್ಬೆಯ ಒಳಮೈಯ ಸಿಬಿರನ್ನು ಕತ್ತಿಯಿಂದ ಕೆರೆದು ತೆಗೆಯಿರಿ; ಅದು ಪಾದಕ್ಕೆ ಚುಚ್ಚಿದ ಜಾಗದಲ್ಲೇ ಕೀವು ಕಟ್ಟಿ ಗಂಟಾಗುವುದು. ಒಳಗೆ ಕೂರಲು ಎರಡಿಂಚು ದಪ್ಪದ, ಅಂಚು ಸವರಿದ ಎರಡು ರೀಪುಗಳು, ತಲಾ ನಾಲ್ಕು ಅಡಿ. ಎರಡನ್ನೂ ಒಂದೇ ಎತ್ತರಕ್ಕೆ ಕಟ್ಟಿ. ಮೇಲೆ ಕೆಳಗೆ ಕಟ್ಟಿದರೆ ಮೇಲಿನದಕ್ಕೆ ಪ್ರತಿ ಸಂಜೆ ಜಗಳ.

ಮಾಡಿನ (ಸೂರಿನ) ಇಳಿಜಾರು ಗೋಡೆಯಿಂದ ಎರಡೂವರೆ ಅಡಿ ಹೊರಚಾಚಿರಲಿ. ಗಾಳಿಮಳೆ ಬಡಿಯುವುದು ಪಡುವಣ ಮತ್ತು ನೈಋತ್ಯದಿಂದ. ಆ ಬದಿಗೆ ಹಲಗೆಯನ್ನೋ ಶೀಟನ್ನೋ ಪೂರ್ತಿ ಹೊಡೆಯಿರಿ. ಉಳಿದ ಬದಿಗಳಿಗೆ ಅರ್ಧ ಇಂಚಿನ ವೆಲ್ಡ್ ಮೆಶ್. ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುವ ಷಟ್ಕೋನದ ಕೋಳಿಬಲೆ ಕೋಳಿಯನ್ನು ಒಳಗಿಡುತ್ತದೆ, ಅಷ್ಟೆ. ನಾಯಿ ಹರಿಯುತ್ತದೆ, ಕೀರಿ ನುಸುಳುತ್ತದೆ, ಎಳೆಯ ಹೆಬ್ಬಾವೂ ನುಸುಳಿ ಕೋಳಿ ನುಂಗಿದ ಮೇಲೆ ಹೊರಬರಲಾಗದೆ ಅಲ್ಲೇ ಸುರುಳಿ ಸುತ್ತಿರುತ್ತದೆ. ಹೆಬ್ಬಾವಿಗೆ ದೊಣ್ಣೆ ಎತ್ತಬೇಡಿ, ಅದು ಸಂರಕ್ಷಿತ ಜೀವಿ. ಕೇರಳ ಅರಣ್ಯ ಇಲಾಖೆಯ ‘ಸರ್ಪ’ ಆ್ಯಪ್‌ನಲ್ಲಿ ಹತ್ತಿರದ ತರಬೇತಿ ಪಡೆದವರ ನಂಬರ್ ಸಿಗುತ್ತದೆ.

ಈಗ ಎಲ್ಲರೂ ಮಾಡುವ ತಪ್ಪು. ಮಳೆ ಜೋರಾದೊಡನೆ ‘ಪಾಪ, ಚಳಿಯಾಗುತ್ತದೆ’ ಎಂದು ಗೂಡಿನ ಸುತ್ತ ಟರ್ಪಾಲು ಬಿಗಿದುಬಿಡುತ್ತಾರೆ. ಕೋಳಿಗೆ ರೆಕ್ಕೆಪುಕ್ಕದ ಕಂಬಳಿ ಇದೆ; ಕೋಳಿ ತಾಳಲಾರದ್ದು ತನ್ನದೇ ಉಸಿರಿನ ಹಬೆ ಮತ್ತು ಹಿಕ್ಕೆಯ ಘಾಟನ್ನು. ಬೆಳಗ್ಗೆ ಬಾಗಿಲು ತೆರೆಯುವಾಗ ಕುಕ್ಕರುಗಾಲಿನಲ್ಲಿ ಕೂತು, ಮುಖವನ್ನು ಕೋಳಿಯ ಎತ್ತರಕ್ಕೆ ತಂದು ಮೂಸಿ ನೋಡಿ. ನಿಂತಾಗ ಏನೂ ಅನಿಸದ ಗೂಡಿನಲ್ಲಿ ಅಲ್ಲಿ ಕಣ್ಣು ಚುರುಗುಟ್ಟಿದರೆ, ಕೋಳಿಗಳು ರಾತ್ರಿಯಿಡೀ ಅದನ್ನೇ ಉಸಿರಾಡಿವೆ. ಸೀನು, ಗೊರಗೊರ ಶಬ್ದ, ಕಣ್ಣಲ್ಲಿ ನೊರೆ ಬರುವುದು ಆಮೇಲೆ. ಟರ್ಪಾಲು ಮಳೆ ಬಡಿಯುವ ಬದಿಗೆ ಮಾತ್ರ ಇರಲಿ, ಮಾಡಿನ ಕೆಳಗೆ ಸುತ್ತಲೂ ಎಂಟಿಂಚು ತೆರೆದೇ ಬಿಡಿ.

ಗೂಡಿನ ಕೆಳಗೆ ಬಿದ್ದದ್ದನ್ನು ಮೂರು ದಿನಕ್ಕೊಮ್ಮೆ ಕೆರೆದು ತೆಗೆದು, ಹತ್ತು ಚದರಡಿಗೆ ಒಂದು ಹಿಡಿಯಂತೆ ಸುಣ್ಣದ ಹುಡಿ ಎರಚಿ. ಕೋಳಿಗಳನ್ನು ಹೊರಬಿಟ್ಟ ಮೇಲೆಯೇ ಎರಚಬೇಕು. ಒದ್ದೆ ಹಿಕ್ಕೆಗೆ ಸುಣ್ಣ ತಾಗಿದೊಡನೆ ಘಾಟು ಇನ್ನಷ್ಟು ಎದ್ದುಬರುತ್ತದೆ.

ಹಗಲಿನ ಒಣಜಾಗ

ಹಗಲು ನಿಲ್ಲಲು ಗೂಡಿನ ಪಕ್ಕ ಒಂದು ಚಪ್ಪರ ಬೇಕು. ನೆಲವನ್ನು ಅಂಗಳಕ್ಕಿಂತ ಅರ್ಧ ಅಡಿ ಏರಿಸಿ, ನಾಲ್ಕಿಂಚು ದಪ್ಪಕ್ಕೆ ಭತ್ತದ ಉಮಿಯನ್ನೋ ಮರದ ಹುಡಿಯನ್ನೋ ಹರಡಿ. ಹಾಸು ಸರಿ ಇದೆಯೇ ಎಂದು ನೋಡಲು ಒಂದು ಮುಷ್ಟಿ ಹಿಡಿದು ಹಿಂಡಿ, ಕೈ ಬಿಡಿಸಿ. ಉದುರಿ ಬಿಡಿಬಿಡಿಯಾದರೆ ಸರಿ. ಉಂಡೆಯಾಗಿ ನಿಂತರೆ ಅಂದೇ ಕೆದಕಿ ಹೊಸ ಉಮಿ ಬೆರೆಸಬೇಕು. ಅಂಗೈ ಒದ್ದೆಯಾದರೆ ಅಷ್ಟೂ ತೆಗೆದು ಹೊರಹಾಕಿ. ಒದ್ದೆಗೆ ಮುಖ್ಯ ಕಾರಣ ಸೋರುವ ಮಾಡು ಅಲ್ಲ, ಕೋಳಿ ಮಗುಚಿಹಾಕುವ ನೀರಿನ ಪಾತ್ರೆ. ಅದನ್ನು ಚಪ್ಪರದ ಅಂಚಿಗೆ, ಕೋಳಿಯ ಬೆನ್ನಿನ ಎತ್ತರಕ್ಕೆ, ಕಲ್ಲಿನ ಮೇಲಿಡಿ.

ಒಂದು ಮೂಲೆಯಲ್ಲಿ ಹಳೆಯ ಟಯರಿನೊಳಗೆ ಒಲೆಯ ಬೂದಿ, ಬೇಸಗೆಯಲ್ಲೇ ಜರಡಿ ಹಿಡಿದಿಟ್ಟ ಮಣ್ಣು ಸಮಸಮ ತುಂಬಿಡಿ. ಮಳೆಗಾಲದಲ್ಲಿ ಧೂಳುಸ್ನಾನ ತಪ್ಪಿದ ಕೋಳಿಗೆ ಹೇನು ತಪ್ಪಿದ್ದಲ್ಲ.

ಮದ್ದು ಮತ್ತು ಲಸಿಕೆ

ಮೇ ಮೊದಲ ವಾರ ಹುಳದ ಮದ್ದು, ಒಂದು ವಾರ ಬಿಟ್ಟು ಕೊಕ್ಕರೆ ರೋಗದ, ಅಂದರೆ ರಾಣಿಖೇತ್‌ನ ಲಸಿಕೆ. ಕ್ರಮ ಬದಲಿಸಬೇಡಿ, ಹೊಟ್ಟೆಯಲ್ಲಿ ಹುಳವಿರುವ ಕೋಳಿಗೆ ಲಸಿಕೆ ಸರಿಯಾಗಿ ಹತ್ತುವುದಿಲ್ಲ. ಮರಿಗಳಿಗೆ 5ರಿಂದ 7ನೇ ದಿನ ಲಸೋಟಾ ಎಂಬ ರಾಣಿಖೇತ್ ಲಸಿಕೆ ಕಣ್ಣಿಗೆ ಒಂದು ಹನಿ, ಎಂಟನೇ ವಾರಕ್ಕೆ ಆರ್‌2ಬಿ ಅರ್ಧ ಮಿಲಿ ಚುಚ್ಚುಮದ್ದು. ಮೊಟ್ಟೆಯಿಡುತ್ತಿರುವ ಹೇಂಟೆಗೆ ಆರ್‌2ಬಿ ಚುಚ್ಚಿದರೆ ಮೊಟ್ಟೆ ಕುಸಿಯುತ್ತದೆ, ಅವಕ್ಕೆ ಲಸೋಟಾವನ್ನು ನೀರಿನಲ್ಲಿ ಕೊಡುವುದೇ ಸರಿ.

ಬಾಟ್ಲಿಯಲ್ಲಿ ಕಡಿಮೆಯೆಂದರೂ ನೂರು ಡೋಸ್ ಇರುತ್ತದೆ. ನೆರೆಕರೆಯವರೆಲ್ಲ ಸೇರಿ ಒಂದೇ ದಿನ ಕೊಟ್ಟರೆ ಖರ್ಚೂ ಉಳಿಯುತ್ತದೆ, ರೋಗಕ್ಕೆ ದಾರಿಯೂ ಕಟ್ಟುತ್ತದೆ. ಮೃಗಾಸ್ಪತ್ರೆಯಿಂದ ಐಸ್ ತುಂಬಿದ ಫ್ಲಾಸ್ಕಿನಲ್ಲಿ ತನ್ನಿ. ಎರಡು ಗಂಟೆ ಮುಂಚೆ ಕೋಳಿಗಳ ನೀರು ತೆಗೆದಿಡಿ. ಪ್ಲಾಸ್ಟಿಕ್ ಬಕೆಟ್‌ನಲ್ಲಿ ನಾಲ್ಕು ಲೀಟರ್ ತಣ್ಣೀರಿಗೆ 20 ಗ್ರಾಂ ಕೆನೆ ತೆಗೆದ ಹಾಲಿನ ಹುಡಿ ಕದಡಿ, ಅರ್ಧ ಗಂಟೆ ಬಿಟ್ಟು ಲಸಿಕೆ ಬೆರೆಸಿ. ಹನ್ನೊಂದು ಕೋಳಿಗೆ ಅದರಿಂದ ಸುಮಾರು ಅರ್ಧ ಲೀಟರ್. ಎರಡು ಗಂಟೆಯೊಳಗೆ ಕುಡಿದು ಮುಗಿಸಬೇಕು. ಬ್ಲೀಚಿಂಗ್ ಪೌಡರ್ ಹಾಕಿದ ಬಾವಿಯ ನೀರು ಮಾತ್ರ ಬೇಡ, ಕ್ಲೋರಿನ್ ಲಸಿಕೆಯನ್ನು ಕೊಂದುಬಿಡುತ್ತದೆ. ಮಳೆಗಾಲಕ್ಕೆ ಬಾವಿಗೆಲ್ಲ ಪೌಡರ್ ಬೀಳುವ ಊರಿದು, ಕೇಳಿಕೊಂಡೇ ನೀರು ಸೇದಿ.

ಕೋಳಿ ಸಿಡುಬನ್ನು ಸೊಳ್ಳೆ ಹರಡುತ್ತದೆ. ಬಿದ್ದ ಅಡಿಕೆ ಹಾಳೆ, ಗೆರಟೆ, ರಬ್ಬರ್ ಕಪ್ಪುಗಳನ್ನು ಕವುಚಿ ಹಾಕಿ.

ಮೂರರಿಂದ ಆರು ವಾರದ ಮರಿಗಳು ರೆಕ್ಕೆ ಇಳಿಬಿಟ್ಟು ತೂಕಡಿಸಿ, ಹಿಕ್ಕೆಯಲ್ಲಿ ರಕ್ತ ಕಂಡರೆ ಅದು ಹೆಚ್ಚಾಗಿ ರಕ್ತಭೇದಿ, ಕಾಕ್ಸಿಡಿಯೋಸಿಸ್. ಒದ್ದೆ ಹಾಸಿನಲ್ಲಿ ಇದರ ಬೀಜ ಒಂದೆರಡು ದಿನದಲ್ಲೇ ಬಲಿಯುತ್ತದೆ. ಮೃಗವೈದ್ಯರು ಸಾಮಾನ್ಯವಾಗಿ ಆಂಪ್ರೋಲಿಯಂ ಕೊಡುತ್ತಾರೆ. ಅದರ ಜೊತೆಗೆ ‘ಶಕ್ತಿಗೆ ಇರಲಿ’ ಎಂದು ಬಿ ವಿಟಮಿನ್ ಟಾನಿಕ್ ಹಾಕಬೇಡಿ. ರೋಗಾಣುವಿಗೆ ಬಿ1 ಸಿಗದಂತೆ ಮಾಡಿಯೇ ಆ ಮದ್ದು ಕೆಲಸ ಮಾಡುವುದು; ಟಾನಿಕ್ ಕೊಟ್ಟರೆ ಮದ್ದು ವ್ಯರ್ಥ. ಹಾಸು ಬದಲಿಸದಿದ್ದರೆ ಮದ್ದು ಮುಗಿದ ವಾರಕ್ಕೆ ಮತ್ತೆ ಅದೇ ರಕ್ತ.

ತೀನಿ

ಹಿತ್ತಿಲಲ್ಲಿ ಮೇಯುವ ಕೋಳಿಗೆ ದಿನಕ್ಕೆ 50 ಗ್ರಾಂ ಕೈತೀನಿ ಸಾಕು. ಹೊರಬಿಡಲಾಗದ ದಿನ ಅದನ್ನು 100 ಗ್ರಾಂಗೆ ಏರಿಸಿ. ಹದಿನೈದು ದಿನಕ್ಕೆ ಹತ್ತು ಕಿಲೋ ತಂದರೆ ಧಾರಾಳ. ಐವತ್ತು ಕಿಲೋ ಚೀಲ ಅಗ್ಗವೆಂದು ತಂದಿಟ್ಟರೆ ಅರ್ಧದಲ್ಲೇ ಬೂಷ್ಟು ಹಿಡಿಯುತ್ತದೆ. ಕಡಲೆ ಹಿಂಡಿ, ಜೋಳದ ನುಚ್ಚಂತೂ ಬೇಗ. ಬೂಷ್ಟು ಬಂದದ್ದನ್ನು ಹುರಿದರೂ ಒಣಗಿಸಿದರೂ ಅದರ ವಿಷ ಹೋಗುವುದಿಲ್ಲ, ಎಸೆಯಿರಿ. ಗಟ್ಟಿ ಚಿಪ್ಪಿಲ್ಲದ ಮೊಟ್ಟೆ ಬಾರದಿರಲು ಮರುವಾಯಿ (ಕಪ್ಪೆಚಿಪ್ಪು) ಚಿಪ್ಪನ್ನು ಕುದಿಸಿ, ಒಣಗಿಸಿ, ಜೋಳದ ಕಾಳಿನಷ್ಟು ದಪ್ಪಕ್ಕೆ ಕುಟ್ಟಿ, ಬೇರೆ ಗೆರಟೆಯಲ್ಲಿಡಿ. ಬೇಕಾದ ಹೇಂಟೆ ತಾನೇ ತಿನ್ನುತ್ತದೆ.

ಆಟಿಯಲ್ಲಿ (ಜುಲೈ–ಆಗಸ್ಟ್‌ನ ತುಳು ತಿಂಗಳು) ಹೇಂಟೆ ಕಾವಿಗೆ ಕೂತರೂ ಮೊಟ್ಟೆ ಇಡಬೇಡಿ. 21 ದಿನಕ್ಕೆ ಮರಿಯೇನೋ ಬರುತ್ತದೆ, ಸಾಕಲು ಒಣನೆಲ ಇರುವುದಿಲ್ಲ. ಕಾವು ಬಿಡಿಸಲು ನೀರಿನಲ್ಲಿ ಮುಳುಗಿಸುವ ಕ್ರಮ ಬರೀ ಹಿಂಸೆ. ತಳಕ್ಕೆ ಬಲೆಯಿರುವ ಪಂಜರವನ್ನು ಗಾಳಿಯಾಡುವಂತೆ ತೂಗಿಸಿ, ನೀರು ತೀನಿ ಕೊಟ್ಟು ಮೂರು ದಿನ ಅದರಲ್ಲಿಟ್ಟರೆ ಹೊಟ್ಟೆಯಡಿಯ ಬಿಸಿ ಇಳಿದು ಬಿಟ್ಟುಬಿಡುತ್ತದೆ.

ತೆಗೆದ ಹಾಸನ್ನು ಹಸಿಯಾಗಿ ಅಡಿಕೆ ಬುಡಕ್ಕೆ ಸುರಿದರೆ ಬೇರು ಸುಡುತ್ತದೆ. ಮಳೆ ಬೀಳದಲ್ಲಿ ಒಣಸೊಪ್ಪಿನ ಜೊತೆ ರಾಶಿ ಹಾಕಿ ಮುಚ್ಚಿಡಿ. ಎರಡು ತಿಂಗಳು ಕಳೆದು, ಸೆಪ್ಟೆಂಬರಿನಲ್ಲಿ ಗೊಬ್ಬರ ಹಾಕುವ ಹೊತ್ತಿಗೆ, ಘಾಟು ಹೋಗಿ ಮಣ್ಣಿನ ವಾಸನೆ ಬಂದಿದ್ದರೆ ಬುಡಕ್ಕೆ ಹಾಕಬಹುದು.