ಘಾತ ರೂಪದ ಭಾಗಾಕಾರದಲ್ಲಿ ತಪ್ಪು ಉತ್ತರ: ನನಗೆ ಸಿಕ್ಕ ಪರಿಹಾರ

ಬೆಳಕಿನ ವೇಗವಾದ ಸೆಕೆಂಡಿಗೆ 3 × 10⁸ ಮೀಟರನ್ನು 5 × 10⁻⁷ ಮೀಟರ್ ತರಂಗದೂರದಿಂದ ಭಾಗಿಸಿ ಆವೃತ್ತಿಯನ್ನು ಕಂಡುಹಿಡಿಯುವಾಗ, ನನ್ನ ವೈಜ್ಞಾನಿಕ ಕ್ಯಾಲ್ಕುಲೇಟರ್ ಪ್ರತಿ ಬಾರಿಯೂ 6 ಎಂದೇ ತೋರಿಸುತ್ತಿತ್ತು. ಸರಿಯಾದ ಉತ್ತರ 6 × 10¹⁴ ಹರ್ಟ್ಸ್.

ಸಂಖ್ಯೆಗಳನ್ನು ಮತ್ತೆ ಮತ್ತೆ ಒತ್ತಿದರೂ ಫಲ ಬದಲಾಗಲಿಲ್ಲ. ಪರದೆಯನ್ನು ಘಾತ ರೂಪಕ್ಕೆ ಬದಲಿಸಿದಾಗ 6 × 10⁰ ಎಂದು ಬಂತು. ಆ ಆಯ್ಕೆ ಉತ್ತರವನ್ನು ತೋರಿಸುವ ರೀತಿಯನ್ನು ಬದಲಿಸುತ್ತದೆಯೇ ಹೊರತು ಲೆಕ್ಕವನ್ನಲ್ಲ. 0.0000005 ಎಂದು ದಶಮಾಂಶದಲ್ಲಿ ಬರೆದರೆ ಉತ್ತರ ಸರಿಬರುತ್ತದೆ, ಆದರೆ ಸೊನ್ನೆಗಳ ಎಣಿಕೆ ತಪ್ಪುವುದು ಸುಲಭ.

ದೋಷವಿದ್ದದ್ದು ಗುಣಾಕಾರದ ಕೀಲಿಯಲ್ಲಿ. 3 × 10⁸ ÷ 5 × 10⁻⁷ ಎಂದು ಒತ್ತಿದಾಗ ಯಂತ್ರವು ಎಡದಿಂದ ಬಲಕ್ಕೆ ಸಾಗಿ, ಮೊದಲು 5ರಿಂದ ಮಾತ್ರ ಭಾಗಿಸಿ, ಬಂದ 6 × 10⁷ನ್ನು 10⁻⁷ರಿಂದ ಗುಣಿಸುತ್ತದೆ. ಹೀಗಾಗಿ ಛೇದದಲ್ಲಿರಬೇಕಾದ ಘಾತವು ಅಂಶಕ್ಕೆ ಸೇರುತ್ತದೆ. ಇದಕ್ಕೆ ಬದಲು ‘ಇಎಕ್ಸ್‌ಪಿ’ ಕೀಲಿಯನ್ನು ಬಳಸಬೇಕು (ಕೆಲವು ಯಂತ್ರಗಳಲ್ಲಿ ಅದರ ಮೇಲೆ ‘×10ˣ’ ಎಂದಿರುತ್ತದೆ). ಒತ್ತುವ ಕ್ರಮ ಹೀಗಿದೆ: 3, ಇಎಕ್ಸ್‌ಪಿ, 8, ÷, 5, ಇಎಕ್ಸ್‌ಪಿ, (−), 7, =. ಇಲ್ಲಿ (−) ಎಂಬುದು ಋಣಚಿಹ್ನೆಯ ಕೀಲಿ, ವ್ಯವಕಲನದ್ದಲ್ಲ. ಇಎಕ್ಸ್‌ಪಿ ಕೀಲಿಯಲ್ಲೇ ‘× 10’ ಅಡಗಿರುವುದರಿಂದ 10ನ್ನು ಬೇರೆಯಾಗಿ ಒತ್ತಬಾರದು. 10⁸ ಬೇಕಿದ್ದರೆ 1, ಇಎಕ್ಸ್‌ಪಿ, 8 ಎಂದೇ ಒತ್ತಬೇಕು, 10, ಇಎಕ್ಸ್‌ಪಿ, 8 ಎಂದರೆ 10⁹ ಆಗುತ್ತದೆ. ಆ ಕೀಲಿಯೇ ಇಲ್ಲದಿದ್ದರೆ ಛೇದವನ್ನು ಪೂರ್ತಿಯಾಗಿ ಆವರಣದೊಳಗೆ ಇಡಬೇಕು: 3 × 10⁸ ÷ (5 × 10⁻⁷).

ಕೈಲೆಕ್ಕದ ತಾಳೆಯೂ ಚಿಕ್ಕದು: 3 ÷ 5 = 0.6, ಘಾತಸೂಚಿ 8 − (−7) = 15, ಅಂದರೆ 0.6 × 10¹⁵, ಆದರ್ಶ ರೂಪದಲ್ಲಿ 6 × 10¹⁴.