ವಿದೇಶಿ ಸಹಯೋಗದ ಸಂಶೋಧನೆಗೆ ಅನುದಾನ: ಅಧ್ಯಾಪಕರು ಅರ್ಜಿ ಸಿದ್ಧಪಡಿಸುವುದು ಹೇಗೆ?

ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ಬಂದ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಪ್ರತಿಯು 1909ರಲ್ಲಿ ಅಚ್ಚಾಗಿ ಹೊರಬಂದ ಮೇಲೆ, ಪ್ರಾಚೀನ ಭಾರತದ ರಾಜ್ಯಾಡಳಿತವನ್ನು ಕುರಿತು ಹೊರದೇಶದ ವಿದ್ವಾಂಸರು ನಡೆಸುತ್ತಿದ್ದ ಚರ್ಚೆಯೇ ಬದಲಾಯಿತು. ಇಲ್ಲಿನ ಸಾಮಗ್ರಿಗೆ ಹೊರಗಿನ ಲೋಕದಲ್ಲಿ ಬೆಲೆ ಇದ್ದೇ ಇದೆ. ಆದರೂ ನಮ್ಮ ಅನೇಕ ಅಧ್ಯಾಪಕರ ಅರ್ಜಿಗಳು ವಿದೇಶಿ ವಿಶ್ವವಿದ್ಯಾಲಯದ ಹೆಸರನ್ನು ಮುಂದಿಟ್ಟುಕೊಂಡು ಹೊರಟು, ಅಲ್ಲಿಗೇ ಏಕೆ ಹೋಗಬೇಕು ಎಂಬ ಪ್ರಶ್ನೆಗೆ ಉತ್ತರವಿಲ್ಲದೆ ಸೋಲುತ್ತವೆ.

ಆದ್ದರಿಂದ ಮೊದಲು ಬರೆಯಬೇಕಾದದ್ದು ಸಂಶೋಧನೆಯ ಪ್ರಶ್ನೆ. ಉದಾಹರಣೆಗೆ, ಹತ್ತೊಂಬತ್ತನೆಯ ಶತಮಾನದ ಮೈಸೂರು ಸಂಸ್ಥಾನದ ಕೆರೆಗಳ ನಿರ್ವಹಣೆಯನ್ನು ಅಧ್ಯಯನ ಮಾಡುವವರು 'ಹೆಚ್ಚಿನ ಅಧ್ಯಯನಕ್ಕಾಗಿ ಲಂಡನ್ನಿಗೆ ಭೇಟಿ' ಎಂದಷ್ಟೇ ಬರೆದರೆ ಅದಕ್ಕೆ ತೂಕ ಬರುವುದಿಲ್ಲ. ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ (ಭಾರತದ ಆಡಳಿತ ನೋಡಿಕೊಳ್ಳುತ್ತಿದ್ದ ಬ್ರಿಟಿಷ್ ಸರ್ಕಾರದ ಇಲಾಖೆ) ದಾಖಲೆಗಳ ಪೈಕಿ ಯಾವ ಸರಣಿ, ಯಾವ ವರ್ಷಗಳ ಕಡತ ಬೇಕು, ಇಲ್ಲಿನ ಪತ್ರಾಗಾರದಲ್ಲಿ ನೋಡಿಯಾಗಿರುವುದು ಯಾವುದು, ಸಿಗದೆ ಉಳಿದದ್ದು ಯಾವುದು ಎಂದು ವಿವರಿಸಿದರೆ ಪರಿಶೀಲಕರಿಗೆ ಪ್ರಯಾಣದ ಅಗತ್ಯ ತಾನಾಗಿಯೇ ಮನವರಿಕೆಯಾಗುತ್ತದೆ. ಈ ಒಂದು ಪುಟಕ್ಕೆ ಉಳಿದೆಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಎರಡನೆಯದಾಗಿ, ಹಣದ ಮೂಲವನ್ನು ಆರಿಸಿಕೊಳ್ಳಿ. ಸಂಶೋಧನೆ ಆರಂಭಿಸಲೆಂದು ವಿಶ್ವವಿದ್ಯಾಲಯವೇ ಕೊಡುವ ಸೀಡ್ ಮನಿಯನ್ನು ಸಣ್ಣದೆಂದು ಕಡೆಗಣಿಸಬಾರದು. ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟವನ್ನು ಅಳೆಯುವ ನ್ಯಾಕ್ ಮೌಲ್ಯಮಾಪನದಲ್ಲೂ ಅದಕ್ಕೆ ಸ್ಥಾನವಿದೆ. ಆರಂಭದ ದತ್ತಾಂಶ ಸಂಗ್ರಹ, ಹಸ್ತಪ್ರತಿಗಳ ಸ್ಕ್ಯಾನಿಂಗ್, ಪ್ರಾಯೋಗಿಕ ವಿಶ್ಲೇಷಣೆಗಳನ್ನು ಆ ಹಣದಲ್ಲಿ ಮುಗಿಸಿದವರ ಅರ್ಜಿ ದೊಡ್ಡ ಯೋಜನೆಗಳ ಸ್ಪರ್ಧೆಯಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ವಿದೇಶಿ ಸಂಸ್ಥೆಯೊಡನೆ ಜಂಟಿ ಸಂಶೋಧನೆಗೆಂದು ಕೇಂದ್ರದ ಮಾನವ ಸಂಪನ್ಮೂಲ ಅಭಿವೃದ್ಧಿ ಸಚಿವಾಲಯವು (ಈಗಿನ ಶಿಕ್ಷಣ ಸಚಿವಾಲಯ) 2018ರಲ್ಲಿ ಸ್ಪಾರ್ಕ್ ಯೋಜನೆಯನ್ನು ಆರಂಭಿಸಿತು. ಫ್ರಾನ್ಸಿನೊಂದಿಗಿನ ಸಹಯೋಗಕ್ಕೆ 1987ರಲ್ಲಿ ಸ್ಥಾಪನೆಯಾದ ಭಾರತ-ಫ್ರಾನ್ಸ್ ಸಂಶೋಧನಾ ಕೇಂದ್ರ ಸೆಫಿಪ್ರಾ, ಅಮೆರಿಕಕ್ಕೆ ಫುಲ್‌ಬ್ರೈಟ್-ನೆಹರು ಫೆಲೋಶಿಪ್, ಜರ್ಮನಿಗೆ ಅಲ್ಲಿನ ಶೈಕ್ಷಣಿಕ ವಿನಿಮಯ ಸಂಸ್ಥೆಯಾದ ಡಾಡ್ (DAAD) ಇವೆ. ಹಿಂದಿನ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿಯ (ಎಸ್‌ಇಆರ್‌ಬಿ) ಜಾಗಕ್ಕೆ 2023ರ ಕಾಯ್ದೆಯ ಮೂಲಕ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಬಂದಿರುವುದರಿಂದ ಹಳೆಯ ನಮೂನೆಗಳನ್ನು ನಕಲು ಮಾಡದೆ ಆಯಾ ವರ್ಷದ ಪ್ರಕಟಣೆಯನ್ನೇ ಓದಿಕೊಳ್ಳಬೇಕು.

ಮೂರನೆಯದು ಸಹಭಾಗಿಯ ಪತ್ರ. ಆ ಕಡೆಯವರು ಯಾವ ಕೆಲಸ ಮಾಡುತ್ತಾರೆ, ಯಾವ ಉಪಕರಣ ಅಥವಾ ಸಂಗ್ರಹವನ್ನು ಬಳಸಲು ಬಿಡುತ್ತಾರೆ, ಪ್ರಬಂಧದಲ್ಲಿ ಯಾರ ಹೆಸರು ಹೇಗೆ ಬರುತ್ತದೆ ಎಂಬುದು ಅದರಲ್ಲಿರಲಿ. ಬರಿಯ ಸ್ವಾಗತ ಪತ್ರದಿಂದ ಪ್ರಯೋಜನ ಕಡಿಮೆ.

ಆಯವ್ಯಯ ಬರೆಯುವಾಗ ವಿಮಾನದ ಟಿಕೆಟ್ಟೊಂದನ್ನೇ ಲೆಕ್ಕಕ್ಕೆ ಹಿಡಿಯುವ ರೂಢಿ ತೊಂದರೆಗೆ ದಾರಿ. ಮೈಸೂರಿನಿಂದ ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ ಫ್ಲೈಬಸ್ ದರ, ವೀಸಾ ಶುಲ್ಕ, ವಸತಿ, ಸ್ಥಳೀಯ ಸಾರಿಗೆ, ದಾಖಲೆಗಳ ಪ್ರತಿ ಪಡೆಯುವ ಶುಲ್ಕ ಎಲ್ಲವನ್ನೂ ಬೇರೆ ಬೇರೆ ಸಾಲಿನಲ್ಲಿ ತೋರಿಸಬೇಕು. ಒಂದೇ ವೀಸಾದಲ್ಲಿ ಸಂಚರಿಸಬಹುದಾದ ಯುರೋಪಿನ ಷೆಂಗೆನ್ ದೇಶಗಳ ವೀಸಾಕ್ಕೆ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯವಾದ್ದರಿಂದ ಅದರ ಕಂತೂ ಸೇರಬೇಕು.

ಅನುಮತಿಗಳ ಕೆಲಸವನ್ನು ಅನುದಾನ ಮಂಜೂರಾದ ಮೇಲೆ ಮಾಡಿದರಾಯಿತೆಂದು ತಳ್ಳುವುದು ಸರಿಯಲ್ಲ. ಮಂಡ್ಯದ ವಿ.ಸಿ. ಫಾರಂನಂಥ ಕೃಷಿ ಸಂಶೋಧನಾ ಕೇಂದ್ರಗಳಲ್ಲಿ ಭತ್ತದ ತಳಿಗಳ ಮೇಲೆ ಕೆಲಸ ಮಾಡುವವರು ಬೀಜದ ಮಾದರಿಯನ್ನು ಅಂಚೆಯಲ್ಲಿ ಕಳಿಸಿಬಿಡುವಂತಿಲ್ಲ. ಸಂಶೋಧನೆಗಾಗಿ ಸಸ್ಯ ತಳಿಸಂಪತ್ತಿನ ವಿನಿಮಯವು ದೆಹಲಿಯ ರಾಷ್ಟ್ರೀಯ ಸಸ್ಯ ತಳಿಸಂಪನ್ಮೂಲ ಬ್ಯೂರೋ (ಎನ್‌ಬಿಪಿಜಿಆರ್) ಮೂಲಕವೇ ನಡೆಯಬೇಕು, ಜೊತೆಗೆ 2002ರ ಜೈವಿಕ ವೈವಿಧ್ಯ ಕಾಯ್ದೆಯ ನಿಯಮಗಳನ್ನೂ ಪಾಲಿಸಬೇಕು. ಹಾಗೆಯೇ 75 ವರ್ಷ ದಾಟಿದ, ಐತಿಹಾಸಿಕ ಇಲ್ಲವೇ ಸಾಹಿತ್ಯಿಕ ಮೌಲ್ಯವುಳ್ಳ ಹಸ್ತಪ್ರತಿಗಳು 1972ರ ಪುರಾತನ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬರುವುದರಿಂದ ತಾಳೆಗರಿಯ ಕಟ್ಟನ್ನು ಹೊರದೇಶಕ್ಕೆ ಒಯ್ಯುವ ಯೋಚನೆ ಬಿಟ್ಟು, ಡಿಜಿಟಲ್ ಪ್ರತಿಯ ಬಳಕೆಗೆ ಸಂಗ್ರಹಾಲಯದ ಲಿಖಿತ ಒಪ್ಪಿಗೆ ಪಡೆಯಬೇಕು. ಹಣ ವಿದೇಶದಿಂದಲೇ ಬರುವುದಾದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ ತಮ್ಮ ಸಂಸ್ಥೆಗೆ ಹೇಗೆ ಅನ್ವಯಿಸುತ್ತದೆಂದು ಒಪ್ಪಂದಕ್ಕೆ ಸಹಿ ಹಾಕುವ ಮುನ್ನವೇ ಹಣಕಾಸು ಅಧಿಕಾರಿಯಿಂದ ಬರವಣಿಗೆಯಲ್ಲಿ ತಿಳಿದುಕೊಳ್ಳಬೇಕು.

ಅರ್ಜಿಯು ವಿಭಾಗದ ಮುಖ್ಯಸ್ಥರಿಂದ ಕುಲಸಚಿವರ ಕಚೇರಿಗೆ ಹೋಗಿ ಶಿಫಾರಸಿನೊಂದಿಗೆ ಹೊರಡಬೇಕಾದ್ದರಿಂದ, ಕೊನೆಯ ದಿನಾಂಕಕ್ಕೆ ಕೆಲವು ವಾರ ಮೊದಲೇ ಕಡತ ಸಲ್ಲಿಸಿರಿ. ಪಾಠಗಳಿಗೆ ಬದಲಿ ವ್ಯವಸ್ಥೆ ಏನೆಂಬುದನ್ನೂ ಅದರಲ್ಲೇ ನಮೂದಿಸಿದರೆ ರಜೆಯ ಪ್ರಶ್ನೆ ಮತ್ತೆ ಏಳುವುದಿಲ್ಲ. ಹಣ ಬಂದ ದಿನದಿಂದಲೇ ಬೋರ್ಡಿಂಗ್ ಪಾಸ್, ರಸೀದಿ, ಅಂದಿನ ವಿನಿಮಯ ದರದ ಮುದ್ರಿತ ಪ್ರತಿಗಳನ್ನು ಒಂದೇ ಕಡತದಲ್ಲಿಡಿ. ಕೇಂದ್ರದ ಅನುದಾನವಾದರೆ 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ ಹಣಬಳಕೆ ಪ್ರಮಾಣಪತ್ರವನ್ನು ನಿಗದಿತ ನಮೂನೆಯಲ್ಲಿ ಕೊಡಬೇಕಾಗುತ್ತದೆ. ಅದು ಬಾಕಿ ಉಳಿದಿದ್ದರೆ ಮುಂದಿನ ಕಂತು ಬಿಡುಗಡೆಯಾಗುವುದು ಕಷ್ಟ.