ಎಕ್ಸ್‌ಪೈರಿ ಕಿಟ್‌ನ ಬೀಡ್ಸ್‌ನಿಂದ ಸುಳ್ಳು ವಿಟಮಿನ್ ಡಿ ಹಿಡಿದದ್ದು

ಹಾಸನದ ಕಡೆ ನಮ್ಮದೊಂದು ಸಣ್ಣ ಲ್ಯಾಬ್. ಇಮ್ಯುನೋಅಸ್ಸೇಗೆ (ಆಂಟಿಬಾಡಿ ಬಳಸಿ ಹಾರ್ಮೋನ್, ವಿಟಮಿನ್ ಅಳೆಯುವ ಟೆಸ್ಟ್) ಇರುವುದು ಒಂದೇ ಮಷೀನ್, ಅದೂ ಒಂದಕ್ಕೊಂದು ಗಟ್ಟಿಯಾಗಿ ಅಂಟುವ ಸ್ಟ್ರೆಪ್ಟಾವಿಡಿನ್-ಬಯೋಟಿನ್ ಜೋಡಿಯ ಮೇಲೆ ನಡೆಯುವ ಹಳೇ ತಲೆಮಾರಿನದ್ದು. ಸುಳ್ಳು ರಿಸಲ್ಟ್ ಹಿಡಿಯಲು ನಾನು ಮಾಡುತ್ತಿದ್ದುದನ್ನು ನೋಡಿ "ಇದೆಲ್ಲ ಬೆಂಗಳೂರಿನ ದೊಡ್ಡ ಲ್ಯಾಬ್‌ಗಳ ಕೆಲಸ, ಸುಮ್ನೆ ರಿಪೀಟ್ ಸ್ಯಾಂಪಲ್ ತರಿಸು ಮಾರಾಯ" ಅಂದವರೇ ಜಾಸ್ತಿ. ಈಗ ಅವರಲ್ಲೇ ಇಬ್ಬರು ಸ್ಯಾಂಪಲ್ ನನಗೆ ಕಳಿಸುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೂವತ್ತರ ಆಸುಪಾಸಿನ ಒಬ್ಬ ಹೆಂಗಸು. ವಿಟಮಿನ್ ಡಿ 110 ಚಿಲ್ಲರೆ ಬಂತು, ವಿಪರೀತ ಜಾಸ್ತಿ. ಅರವತ್ತು ಸಾವಿರ ಯೂನಿಟ್‌ನ ಡಿ ಸ್ಯಾಶೆ ತಗೊಂಡಿಲ್ಲ, ಇಂಜೆಕ್ಷನ್ ಇಲ್ಲ, ಕ್ಯಾಲ್ಸಿಯಂ 9.2, ಆರಾಮಾಗಿದೆ. ಅದೇ ಟ್ಯೂಬ್‌ನಲ್ಲಿ ಟಿಎಸ್‌ಎಚ್ ತಳ ಸೇರಿದೆ, ಎಫ್‌ಟಿ4 ಮೇಲೆ ಹೋಗಿದೆ, ಅಂದರೆ ಥೈರಾಯ್ಡ್ ಜಾಸ್ತಿ ಇದ್ದಂತೆ. ಡಾಕ್ಟರ್ ಫೋನ್ ಮಾಡಿ "ಏನ್ರೀ, ಈಯಮ್ಮನಿಗೆ ಕೈ ನಡುಕ ಇಲ್ಲ, ಎದೆಬಡಿತ ಇಲ್ಲ, ನಿಮ್ಮ ಮಷೀನ್ ಒಂದ್ಸಲ ನೋಡಿಸಿ" ಅಂದರು.

ನೋಡಿಸಿದೆ. ಕ್ಯಾಲಿಬ್ರೇಷನ್ ಮತ್ತೆ ಮಾಡಿದೆ, ಹೊಸ ಲಾಟ್‌ನ ಕಿಟ್ ಒಡೆದೆ, ಅಂಕಿ ಮೊದಲೇ ಗೊತ್ತಿರುವ ಕಂಟ್ರೋಲ್ ಸೀರಮ್ (ಸೀರಮ್ ಅಂದರೆ ರಕ್ತದ ತಿಳಿ) ಎರಡೂ ಲೆವೆಲ್ ಓಡಿಸಿದೆ. ಎಲ್ಲ ಸೇರಿ ಹದಿನಾಲ್ಕು ಸಾವಿರ ಕೈಬಿಟ್ಟಿತು ಅಂತ ನೆನಪು. ಸರ್ವಿಸ್ ಎಂಜಿನಿಯರ್ "ಕ್ಯೂಸಿ ಪಾಸ್ ಆಗಿದೆಯಲ್ಲ ಸಾರ್" ಅಂತ ಕಾಫಿ ಕುಡಿದು ಹೋದ. ಪಾಸ್ ಆಗದೆ ಇನ್ನೇನು, ಕಂಟ್ರೋಲ್ ಸೀರಮ್ ಕೂದಲಿನ ಮಾತ್ರೆ ನುಂಗುತ್ತದಾ?

ಅದೇ ಇದ್ದದ್ದು. ಮೊದಲ ದಿನ "ಮಾತ್ರೆ ಏನಾದ್ರೂ ತಗೊಳ್ತೀರಾ" ಅಂತ ಕೇಳಿದ್ದೆ, "ಇಲ್ಲ" ಅಂದಿದ್ದರು. ಸುಳ್ಳಲ್ಲ, ಅವರ ಲೆಕ್ಕದಲ್ಲಿ ಅದು ಮಾತ್ರೆಯೇ ಅಲ್ಲ. "ಕೂದಲಿಗೆ, ಉಗುರಿಗೆ ಏನಾದ್ರೂ?" ಅಂದ ಕೂಡಲೇ ಬ್ಯಾಗಿನಿಂದ ಡಬ್ಬಿ ಹೊರಗೆ ಬಂತು. ಬಯೋಟಿನ್ 10 ಮಿಲಿಗ್ರಾಂ, ದಿನಕ್ಕೆ ಎರಡು. ದೊಡ್ಡವರಿಗೆ ದಿನಕ್ಕೆ ಸಾಕಾಗುವುದು 30 ಮೈಕ್ರೋಗ್ರಾಂ! ಬೆಳಗ್ಗೆ ಒಂದು ನುಂಗಿಯೇ ರಕ್ತ ಕೊಡಲು ಬಂದಿದ್ದರು.

ಮಾತ್ರೆಯ ಬಯೋಟಿನ್ ರಕ್ತದಲ್ಲಿ ತುಂಬಿ ಕಿಟ್‌ನ ಸ್ಟ್ರೆಪ್ಟಾವಿಡಿನ್ ಜಾಗ ಹಿಡಿದುಬಿಡುತ್ತದೆ, ಸಿಗ್ನಲ್ ಇಳಿಯುತ್ತದೆ. ಸಿಗ್ನಲ್ ಕಡಿಮೆ ಇದ್ದಷ್ಟೂ ಅಂಕಿ ಜಾಸ್ತಿ ಅನ್ನುವ ಡಿ, ಎಫ್‌ಟಿ4 ಥರದ ಕಾಂಪಿಟಿಟಿವ್ ಟೆಸ್ಟ್‌ಗಳು ಮೇಲೆ, ಸಿಗ್ನಲ್ ಇದ್ದಷ್ಟೇ ಅಂಕಿ ಅನ್ನುವ ಟಿಎಸ್‌ಎಚ್ ಥರದ ಸ್ಯಾಂಡ್‌ವಿಚ್ ಕೆಳಗೆ. ಇದು ನಮಗೆಲ್ಲ ಗೊತ್ತಿರುವ ಪಾಠವೇ. ಆದರೆ ಡಾಕ್ಟರ್‌ಗೆ ಅದೇ ಟ್ಯೂಬ್‌ನಲ್ಲಿ ತೋರಿಸಬೇಕಿತ್ತು.

ನಮ್ಮ ಫ್ರಿಜ್‌ನಲ್ಲಿ ಅವಧಿ ಮುಗಿದ ಕಿಟ್‌ಗಳಿದ್ದವು. ಅದರ ಒಂದು ಬಾಟಲಿಯಲ್ಲಿ ಇರುವುದೇ ಸ್ಟ್ರೆಪ್ಟಾವಿಡಿನ್ ಹಚ್ಚಿದ ಮ್ಯಾಗ್ನೆಟ್ ಬೀಡ್ಸ್, ಅಂದರೆ ಮ್ಯಾಗ್ನೆಟ್‌ಗೆ ಅಂಟುವ ಸಣ್ಣ ಸಣ್ಣ ಕಣ. ತೊಳೆದು ಸೀರಮ್‌ಗೆ ಹಾಕಿದರೆ ಬಯೋಟಿನ್ ಅದಕ್ಕೆ ಅಂಟುತ್ತದೆ, ಮ್ಯಾಗ್ನೆಟ್ ಹಿಡಿದು ಬೀಡ್ಸ್ ಪಕ್ಕಕ್ಕೆ ಎಳೆದು ಸೀರಮ್ ಮತ್ತೆ ಓಡಿಸುವುದು. ಮೊದಲ ಸಲವೇ 110 ಇದ್ದದ್ದು 15 ಆಯಿತು. ಒಂದು ದಿನ ಪೂರ್ತಿ ಮೀಸೆ ತಿರುವಿಕೊಂಡು ಓಡಾಡಿದೆ. ಮಾರನೇ ದಿನ ನನ್ನದೇ ರಕ್ತಕ್ಕೆ ಮಾಡಿದರೆ ಅದೂ 19ರಿಂದ 13ಕ್ಕೆ ಇಳಿಯಬೇಕೇ! ತೊಳೆದ ನೀರು ಬೀಡ್ಸ್ ಜೊತೆ ಉಳಿದು ಸೀರಮ್ ತೆಳ್ಳಗೆ ಮಾಡಿತ್ತು, ಅಷ್ಟೇ. ಎಂಟತ್ತು ಸಲ ಹೀಗೇ ಹಾಳಾಯಿತು. ಕೊನೆಗೆ ನೀರು ಪೂರ್ತಿ ತೆಗೆಯುವ ಒಂದು ಉಪಾಯ ಸಿಕ್ಕಿತು. ಅದನ್ನೂ, ಎಷ್ಟು ಬೀಡ್ಸ್ ಎಷ್ಟು ಹೊತ್ತು ಅನ್ನುವುದನ್ನೂ ಇಲ್ಲಿ ಬರೆಯಲ್ಲ. ಬಯೋಟಿನ್ ಇಲ್ಲದ ಒಂದು ಸೀರಮ್ ಜೊತೆಗೇ ಓಡಿಸಿ, ಅದು ಅಲ್ಲಾಡಬಾರದು. ಇಷ್ಟು ಹೇಳಿದರೆ ಸಾಕು.

ಸರಿಯಾಗಿ ಮಾಡಿದ ಮೇಲೆ ಆಕೆಯ ಡಿ 21 ಬಂತು. ಮೂರು ದಿನ ಮಾತ್ರೆ ಬಿಟ್ಟು ಹೊಸ ರಕ್ತ ಕೊಟ್ಟಾಗ 22, ಟಿಎಸ್‌ಎಚ್ ಎರಡೂವರೆ. ಡಿ ಜಾಸ್ತಿ ಅಂದುಕೊಂಡವರಿಗೆ ನಿಜಕ್ಕೂ ಕಡಿಮೆಯೇ ಇತ್ತು. ರಿಪೋರ್ಟ್‌ನಲ್ಲಿ ಕೊಟ್ಟದ್ದು ಹೊಸ ರಕ್ತದ ಅಂಕಿ ಮಾತ್ರ, ಬೀಡ್ಸ್‌ನದ್ದು ನಮ್ಮ ತನಿಖೆಗೆ. ಡಾಕ್ಟರ್ ಮತ್ತೆ ಫೋನ್ ಮಾಡಿದರು, ಈ ಸಲ "ಏನ್ರೀ" ಇರಲಿಲ್ಲ.

ಆಮೇಲೆ ನಾನೇ ಒಂದು ವಾರ ಆ ಮಾತ್ರೆ ನುಂಗಿದೆ, ಹೆಂಡತಿ ಬೈದಳು. ಕೊನೇ ಮಾತ್ರೆಯ ಎರಡು ಗಂಟೆಗೆ ನನ್ನ 19 ಮೂವತ್ತು ದಾಟಿತ್ತು, ಮಾರನೇ ದಿನ ಹತ್ತಿರಹತ್ತಿರ ಇಳಿದಿತ್ತು, ಎರಡು ದಿನಕ್ಕೆ ಮೊದಲಿನಂತೆ. ಆದರೂ ನಮ್ಮ ಬೋರ್ಡಿನಲ್ಲಿ ಮೂರು ದಿನ ಅಂತ ಬರೆಸಿದ್ದೇನೆ. ಕಿಡ್ನಿ ತೊಂದರೆ ಇದ್ದವರಲ್ಲಿ ಬೇಗ ಹೋಗುವುದಿಲ್ಲ, ಅವರ ವಿಷಯ ಬೇರೆ. ಹಾರ್ಟ್ ಅಟ್ಯಾಕ್ ಹಿಡಿಯುವ ಟ್ರೋಪೋನಿನ್ ಟೆಸ್ಟ್‌ಗಂತೂ ಮೂರು ದಿನ ಕಾಯಲಾಗದು, ಬಯೋಟಿನ್‌ನಿಂದ ಅದು ಸುಳ್ಳೇ ಕಡಿಮೆ ತೋರಿಸಿ ಒಬ್ಬರು ಸತ್ತರು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಎಚ್ಚರಿಸಿತ್ತು.

ಎಲ್ಲಾ ಕಡೆ ಬೀಡ್ಸ್ ನಡೆಯಲ್ಲ. ಅರವತ್ತು ದಾಟಿದ ಒಬ್ಬರಿಗೆ ಬಿ12 ಎರಡು ಸಾವಿರದ ಮೇಲೆ, ಇಂಜೆಕ್ಷನ್ ಇಲ್ಲ, ಮಾತ್ರೆ ಇಲ್ಲ. ಬೀಡ್ಸ್ ಹಾಕಿದರೆ ಕದಲಲೇ ಇಲ್ಲ. ಪ್ರೊಲ್ಯಾಕ್ಟಿನ್ ಹಾರ್ಮೋನ್ ಟೆಸ್ಟ್‌ಗೆ ಇಟ್ಟಿದ್ದ 25 ಪರ್ಸೆಂಟ್ ಪಿಇಜಿ (ಆಂಟಿಬಾಡಿಯಂಥ ದೊಡ್ಡ ಪ್ರೋಟೀನ್ ತಳಕ್ಕೆ ಕೂರಿಸುವ ದ್ರಾವಣ) ಸಮಸಮ ಬೆರೆಸಿ, ತಿರುಗಿಸಿ, ಮೇಲಿನ ನೀರು ಓಡಿಸಿ ಎರಡರಿಂದ ಗುಣಿಸಿದರೆ ಮುನ್ನೂರು ಚಿಲ್ಲರೆ. ಆಂಟಿಬಾಡಿಗೆ ಅಂಟಿಕೊಂಡ ಬಿ12 ಅದು. ಮಾಮೂಲಿ ಸೀರಮ್‌ನಲ್ಲೂ ಪಿಇಜಿಗೆ ಸ್ವಲ್ಪ ಇಳಿಯುತ್ತದೆ, ಎಷ್ಟು ಇಳಿದರೆ ಎಷ್ಟು ಅಂತ ಇನ್ನೂ ಲೆಕ್ಕ ಹಾಕುತ್ತಿದ್ದೇನೆ, ಇದುವರೆಗೆ ಹದಿನೇಳು ಸೀರಮ್ ಆಗಿದೆ.